ಸುರುಳಿ ಸುತ್ತುವ ನೆಕ್‌ಬಖ್ತ್

ನೆಕ್‌ಬಖ್ತ್ ಎಣಿಸುತ್ತಿರುವಾಗ ಯಾರೂ ಮಾತನಾಡಿಸಬಾರದು ಎಂಬುದು ನಮ್ಮ ಪಿಶ್‌ದರಾ ಕಣಿವೆಯಲ್ಲಿ ಯಾರೂ ಬರೆದಿಡದೆ ನಡೆದುಬಂದ ಶಾಸನವಾಗಿತ್ತು. ತಾಮ್ರದ ತಂತಿಯನ್ನು ಮರದ ಅಚ್ಚಿನ ಮೇಲೆ ಸುತ್ತುತ್ತ, ತುಟಿ ಅಲುಗಿದಂತೆಯೂ ಅಲುಗದಂತೆಯೂ ಆಕೆ ಎಣಿಸುತ್ತಿರುವಾಗ ನೀವು ಬಾಗಿಲಲ್ಲಿ ನಿಂತು ಸಲಾಮು ಹೇಳಿದರೆ, ತಂತಿ ಹಿಡಿದ ಎಡಗೈಯ ಕಿರುಬೆರಳು ನಿಧಾನವಾಗಿ ಮೇಲೇಳುತ್ತಿತ್ತು. ಆ ಬೆರಳು ಮತ್ತೆ ಇಳಿಯುವ ತನಕ ನೀವು ಊರಿನ ಮುಖ್ಯಸ್ಥರಾಗಿರಿ, ಧರ್ಮ ಹೇಳುವ ಖಲೀಫರಾಗಿರಿ, ಆಕೆಯ ಹೊಟ್ಟೆಯಲ್ಲೇ ಹುಟ್ಟಿದ ಮಗಳಾಗಿರಿ, ಹೊಸ್ತಿಲಲ್ಲಿ ನಿಂತೇ ಇರಬೇಕು. ಕೈಯಲ್ಲಿ ತಂತಿಯಿಲ್ಲದಾಗಲೂ ಎಣಿಕೆ ನಿಲ್ಲುತ್ತಿರಲಿಲ್ಲ. ಹಿಟ್ಟು ನಾದುವಾಗ ಎಷ್ಟು ಗುದ್ದು, ಊರಬಾವಿಯಿಂದ ಮನೆಗೆ ಎಷ್ಟು ಹೆಜ್ಜೆ, ಮದುವೆ ಮನೆಯಲ್ಲಿ ದಫ್ ಬಡಿಯುವವಳು ಎಷ್ಟು ಪೆಟ್ಟಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲವೂ ಆ ತುಟಿಗಳ ನಡುವೆ ಸದ್ದಿಲ್ಲದೆ ಸಂಖ್ಯೆಯಾಗಿ ಹಾದುಹೋಗುತ್ತಿದ್ದವು.

ಆಕೆಯ ಗಂಡ ಮುಸೊಫಿರ್ ಲಾರಿ ಓಡಿಸುತ್ತಿದ್ದ. ಒಂದು ಮಾರ್ಚ್ ತಿಂಗಳಲ್ಲಿ ಕಣಿವೆಯ ದಾರಿಯ ಮೇಲೆ ಹಿಮ ಕುಸಿದು, ಲಾರಿಯೂ ಅವನೂ ಹೂತುಹೋದರು. ಸುದ್ದಿ ತಂದ ಮೈದುನ ಬಾಗಿಲಲ್ಲಿ ನಿಂತು ಬಾಯಿ ತೆರೆದಾಗ ನೆಕ್‌ಬಖ್ತ್ ನೂರ ಹನ್ನೆರಡನೆಯ ಸುತ್ತಿನಲ್ಲಿದ್ದಳು. ಕಿರುಬೆರಳು ಎದ್ದಿತು. ಅವನ ಮುಖದಲ್ಲಿದ್ದುದನ್ನು ನೋಡಿಯೂ ಆಕೆ ನೂರ ಅರವತ್ತರವರೆಗೆ ಸುತ್ತಿ, ತುದಿ ಕಟ್ಟಿ, ತಂತಿ ಕತ್ತರಿಸಿ, ಸುರುಳಿಯನ್ನು ಮಡಿಲಿನಿಂದ ಕೆಳಗಿಟ್ಟು, ಆಮೇಲೆ ಹೇಳಿದಳು: "ಈಗ ಹೇಳು." ಊರು ಇದನ್ನು ಕ್ಷಮಿಸಲಿಲ್ಲ. ಕಲ್ಲುಗುಂಡಿಗೆಯ ಹೆಂಗಸು ಎಂಬ ಹೆಸರು ಆಕೆಗೆ ಅಂದೇ ಅಂಟಿತು. ಬಹಳ ವರ್ಷಗಳ ಮೇಲೆ, ಯಾರೂ ಕೇಳದೆ ಇದ್ದಾಗ, ಉಪ್ಪು ಹಾಕಿದ ಹಾಲಿನ ಚಹಾದಲ್ಲಿ ರೊಟ್ಟಿ ಅದ್ದುತ್ತ ನನ್ನೊಡನೆ ಅಂದಿದ್ದಳು: "ಅವರು ಹೋಗಿಯಾಗಿತ್ತು, ಮೇಷ್ಟ್ರೇ. ಅವನ ಮುಖ ನೋಡಿದ್ ಕೂಡ್ಲೇ ಗೊತ್ತಾಯ್ತು. ಬಾಯಿಬಿಟ್ಟು ಹೇಳೋ ತನಕ ನನ್ ಗಂಡ ಇನ್ನೂ ಬದುಕಿದಾರೆ ಅಂದ್ಕೊಂಡು ನಲವತ್ತೆಂಟು ಸುತ್ತು ಸುತ್ತಿದೆ. ಅಷ್ಟೇ ನಂಗೆ ಸಿಕ್ಕಿದ್ದು."

ನಡಿಗೆಯಲ್ಲಿ ಆಕೆಗೆ ಎಡಕ್ಕೆ ಸ್ವಲ್ಪ ವಾಲುವ ಅಭ್ಯಾಸವಿತ್ತು, ಯಾವುದೋ ದೂರದ ಗುಂಯ್‌ಗುಡುವಿಕೆಗೆ ಸದಾ ಕಿವಿಗೊಟ್ಟವಳಂತೆ. ಬೇಸಗೆಯಲ್ಲೂ ಬಿಡದ ಹತ್ತಿ ತುಂಬಿದ ಬೂದು ಕೋಟೊಂದು ಮೈಮೇಲಿರುತ್ತಿತ್ತು. ಅದರ ಉಕ್ಕಿನ ಗುಂಡಿಗಳನ್ನೆಲ್ಲ ಕಿತ್ತು, ಜರ್ದಾಳು ಮರದ ತುಂಡುಗಳನ್ನು ಕೆತ್ತಿ ಹೊಲಿದುಕೊಂಡಿದ್ದಳು. ಕಾರಣ, ಕೋಟಿನ ಬಲಜೇಬಿನಲ್ಲಿ ಗಾಜು ಸೀಳಿದ ಒಂದು ಹಿತ್ತಾಳೆಯ ದಿಕ್ಸೂಚಿ ಇರುತ್ತಿತ್ತು. "ಉಕ್ಕಿನ ಗುಂಡಿ ಇದ್ರೆ ಮುಳ್ಳು ಅದರ ಕಡೆ ತಿರುಗತ್ತೆ. ನಂಗೆ ಮೋಟಾರಿನ ಸುದ್ದಿ ಬೇಕು, ನನ್ ಕೋಟಿನ ಸುದ್ದಿ ಅಲ್ಲ" ಎನ್ನುತ್ತಿದ್ದಳು. ಹದಿನೇಳನೆಯ ವಯಸ್ಸಿನಲ್ಲಿ ತಾಷ್ಕೆಂಟಿನ ಒಂದು ಮೋಟಾರು ಕಾರ್ಖಾನೆಗೆ ಹೋಗಿ, ಇನ್ನೂರು ಹೆಂಗಸರು ಸಾಲಾಗಿ ಕೂತು ಸುರುಳಿ ಸುತ್ತುವ ಒಂದು ಉದ್ದನೆಯ ಕೋಣೆಯಲ್ಲಿ ಹನ್ನೊಂದು ವರ್ಷ ಕಳೆದು, ಆ ಕೋಟು, ಆ ದಿಕ್ಸೂಚಿ, ಆ ಎಣಿಕೆ, ಈ ಮೂರನ್ನು ಮಾತ್ರ ತೆಗೆದುಕೊಂಡು ನಮ್ಮ ಕಣಿವೆಗೆ ಮರಳಿದವಳು ಆಕೆ. ನೀರೆತ್ತುವ ಪಂಪು, ಗಿರಣಿಯ ಮೋಟಾರು, ಉಣ್ಣೆ ಕತ್ತರಿಸುವ ಯಂತ್ರ, ಸುಟ್ಟದ್ದೆಲ್ಲ ಆಕೆಯ ಮನೆಯ ನಡುಕಂಬದ ಬುಡಕ್ಕೆ ಬರುತ್ತಿತ್ತು, ವಾಸಿಯಾಗಿ ಹಿಂದಿರುಗುತ್ತಿತ್ತು.

ನಾನು ಅದೇ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಹೇಳುವವನು. ತಂತಿಯಲ್ಲಿ ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ತಂತಿಯನ್ನು ಸುರುಳಿ ಮಾಡಿದರೆ ಸುತ್ತು ಸುತ್ತಿಗೂ ಅದರ ಬಲ ಕೂಡುತ್ತ ಹೋಗುತ್ತದೆ. ನಡುವೆ ಕಬ್ಬಿಣವಿಟ್ಟರೆ ಅದು ನೂರ್ಮಡಿಯಾಗುತ್ತದೆ ಎಂದು ಎಂಟು ವರ್ಷ ಕರಿಹಲಗೆಯ ಮೇಲೆ ಬಾಣಗಳನ್ನೆಳೆದು ಪಾಠ ಹೇಳಿದ್ದೆ. ಹೇಳಿದ್ದನ್ನು ಕಣ್ಣಾರೆ ಕಂಡದ್ದು ಗಿರಣಿಯ ಮೋಟಾರಿಗೆ ಆಕೆ ಹೊಸ ಸುರುಳಿ ಹಾಕಿದ ದಿನ. ಒಳಗೆ ತಿರುಗುವ ಉರುಳೆಯನ್ನು ಹೊರತೆಗೆದು ಬದಿಗಿಟ್ಟಿದ್ದಳು. ಉಳಿದದ್ದು ಸುರುಳಿಗಳನ್ನು ಹೊಟ್ಟೆಯ ಗೋಡೆಗೆ ಅಂಟಿಸಿಕೊಂಡ ಒಂದು ಟೊಳ್ಳು ಕಬ್ಬಿಣದ ಪಾತ್ರೆ. ಅದಕ್ಕೆ ಹದವಾಗಿ ಕರೆಂಟು ಕೊಟ್ಟು, ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಒಳಕ್ಕೆ ಹಾಕಿದಳು. ಗುಂಡು ಒಂದು ಕ್ಷಣ ನಡುಗಿ, ಆಮೇಲೆ ಆ ಟೊಳ್ಳಿನ ಒಳಗೋಡೆಗುಂಟ ಓಡತೊಡಗಿತು. ಸುತ್ತಿತು, ಸುತ್ತಿತು, ಕಣ್ಣಿಗೆ ಗುಂಡಾಗಿರದೆ ಬೆಳ್ಳಿಯ ಬಳೆಯಾಯಿತು. ಹಿಟ್ಟು ಬೀಸಿಸಲು ಬಂದಿದ್ದ ಖಲೀಫರು ಗಡ್ಡ ಹಿಡಿದುಕೊಂಡು ಬಗ್ಗಿದರು.

"ಒಳಗೆ ಏನಿದೆ ಚಿಕ್ಕಮ್ಮ?"

"ಏನೂ ಇಲ್ಲ ಖಲೀಫರೇ. ಬರೀ ಟೊಳ್ಳು. ಕೈ ಮಾತ್ರ ಹಾಕ್ಬೇಡಿ."

"ಮತ್ತೆ ಅದನ್ನ ಓಡಿಸ್ತಿರೋರು ಯಾರು?"

"ಮೂರು ಸುರುಳಿ. ಒಂದು ಕರೆದು ಸುಮ್ಮನಾಗತ್ತೆ, ಅಷ್ಟರಲ್ಲಿ ಪಕ್ಕದ್ದು ಕರೆಯತ್ತೆ, ಅದು ಸುಮ್ಮನಾಗೋಷ್ಟರಲ್ಲಿ ಇನ್ನೊಂದು. ಪಾಪ ಗುಂಡು, ಕರೆದವರ ಮನೆಗೆಲ್ಲ ಓಡ್ತಾ ಇರತ್ತೆ."

"ಮೂರು ಸೊಸೆಯರಿರೋ ನನ್ನ ಹಾಗೆ ಅನ್ನು!" ಎಂದು ಖಲೀಫರು ನಕ್ಕರಾದರೂ, ನಗು ಮುಗಿಯುವ ಮುನ್ನವೇ ಅವರ ಎರಡೂ ಅಂಗೈಗಳು ಪ್ರಾರ್ಥನೆಗೆಂಬಂತೆ ತಾವಾಗಿ ತೆರೆದುಕೊಂಡಿದ್ದವು. ಯಾವ ಸುರುಳಿಯೂ ಅಲುಗುತ್ತಿಲ್ಲ, ಕಬ್ಬಿಣ ಅಲುಗುತ್ತಿಲ್ಲ, ಆದರೂ ಆ ಟೊಳ್ಳಿನಲ್ಲಿ ಒಂದು ಅದೃಶ್ಯ ವಸ್ತು ಸೆಕೆಂಡಿಗೆ ಐವತ್ತು ಸಲ ಪ್ರದಕ್ಷಿಣೆ ಹಾಕುತ್ತಿದೆ. ನನ್ನ ಎಂಟು ವರ್ಷಗಳ ಬಾಣಗಳು ಅಂದು ನನಗೆ ಮೊದಲ ಸಲ ಅರ್ಥವಾದವು.

ಊರಿನ ಮೇಲ್ತುದಿಯಲ್ಲಿ, ಕಾಲುವೆಯ ನೀರು ಧುಮ್ಮಿಕ್ಕುವ ಕಡೆ, ಸಾಮುದಾಯಿಕ ಬೇಸಾಯದ ಕಾಲದಲ್ಲಿ ಕಟ್ಟಿದ ಸಣ್ಣದೊಂದು ವಿದ್ಯುದಾಗಾರವಿತ್ತು. ಎರಡು ಜನರೇಟರುಗಳಲ್ಲಿ ಒಂದು ಆಗಲೇ ಕಾಲವಾಗಿತ್ತು. ಉಳಿದದ್ದರ ಬೆನ್ನಿಗೆ, ಅದೇ ದಂಡಕ್ಕೆ ಜೋಡಿಸಿದ ಕೂಸಿನಂಥ ಇನ್ನೊಂದು ಯಂತ್ರವಿತ್ತು. ದೊಡ್ಡದರ ಕಾಂತಗಳಿಗೆ ಬೇಕಾದ ಕರೆಂಟನ್ನು ಉಣಿಸುವುದು ಈ ಕೂಸಿನ ಕೆಲಸ. ದೇಶದಲ್ಲಿ ಗಲಭೆಯೆದ್ದು, ಮೇಲಿನ ದಾರಿಗಳು ಮುಚ್ಚಿ, ಡೀಸೆಲ್ಲೂ ಕಲ್ಲಿದ್ದಲೂ ನಮ್ಮ ಕಣಿವೆಗೆ ಬಾರದೆ ಹೋದ ಆ ಚಳಿಗಾಲಗಳಲ್ಲಿ, ಮನೆಮನೆಯ ವಿದ್ಯುತ್ ಒಲೆಯ ಕೆಂಪು ಸುರುಳಿಯೊಂದೇ ನಮ್ಮನ್ನು ಬದುಕಿಸಿತ್ತು. ಮೂರನೆಯ ಚಳಿಗಾಲದ ಜನವರಿಯ ನಡುವೆ ಕೂಸಿನ ನಾಲ್ಕು ಕಾಂತಗಳಲ್ಲಿ ಒಂದರ ಸುರುಳಿ ಸುಟ್ಟು ಹೊಗೆಯಾಯಿತು. ಊರು ತಣ್ಣಗಾಯಿತು.

ಐದನೆಯ ದಿನ ಮುಖ್ಯಸ್ಥ ದವ್ಲತ್‌ಮಂದ್ ಊರಿನವರನ್ನು ಸೇರಿಸಿ, ಕಾಲುವೆಯ ಏರಿಯ ಮೇಲಿನ ಹಿಪ್ಪುನೇರಳೆ ಮರಗಳನ್ನು ಕಡಿಯಬೇಕೆಂದ. ಯಾರೂ ಎದುರಾಡಲಿಲ್ಲ, ಒಬ್ಬ ಮುದುಕಿ ಮಾತ್ರ ಮುಖ ಮುಚ್ಚಿಕೊಂಡು ಎದ್ದು ಹೋದಳು. ಹಿಂದಿನ ಎರಡು ಚಳಿಗಾಲ ಗೋದಿ ಮುಗಿದ ಮೇಲೆ ನಾವು ತಿಂದು ಉಳಿದದ್ದು ಆ ಮರಗಳ ಹಣ್ಣನ್ನು ಒಣಗಿಸಿ ಕುಟ್ಟಿದ ಹಿಟ್ಟನ್ನೇ. ಈ ವರ್ಷ ಮೈ ಕಾಯಿಸಿಕೊಳ್ಳಲು ಅವನ್ನು ಸುಟ್ಟರೆ ಮುಂದಿನ ವರ್ಷ ಮೈಯೊಳಗೆ ಹಾಕಲು ಏನೂ ಇರದು. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ತೊಟ್ಟಿಲ ಮಕ್ಕಳು ಮುಂದಿನ ವರ್ಷದವರೆಗೆ ಕಾಯುವಂತಿರಲಿಲ್ಲ. ಬುಧವಾರ ಮೂರು ಮರಗಳು ಉರುಳಿದವು. "ಗುರುವಾರ ಮಧ್ಯಾಹ್ನದ ತನಕ ಮಿಕ್ಕಿದ್ದನ್ನ ಮುಟ್ಬೇಡಿ" ಎಂದಳು ನೆಕ್‌ಬಖ್ತ್. ಆಕೆ ಏನನ್ನಾದರೂ ಬೇಡಿದ್ದನ್ನು ಊರು ಹಿಂದೆ ಕೇಳಿರಲಿಲ್ಲವಾದ್ದರಿಂದ ಒಪ್ಪಿತು.

ಅಷ್ಟು ದಿನ ಹುಡುಕಿಯೂ ಹೊಸ ತಂತಿ ಸಿಗದೆ, ಹಳೆಯ ಗ್ಯಾರೇಜಿನ ಬೆಸುಗೆ ಯಂತ್ರವನ್ನೇ ಬಿಚ್ಚಿ ತಂತಿ ತೆಗೆದಳು. ಸುರುಳಿಗೆ ಸುತ್ತುವ ಪಟ್ಟಿಗಾಗಿ ನನ್ನ ತರಗತಿಯ ಕಿಟಕಿಪರದೆ ಕತ್ತರಿಸಿದಳು. ಮುರಿದ ಬೆಂಚುಗಳನ್ನು ಉರಿಸಿ ಇನ್ನೂ ಒಲೆ ಹಚ್ಚುತ್ತಿದ್ದ ಕೋಣೆ ಅದೊಂದೇ ಆದ್ದರಿಂದ ಕೂತದ್ದೂ ಅಲ್ಲಿಯೇ. ಆರುನೂರ ನಲವತ್ತು ಸುತ್ತು. ಒಲೆಗೆ ಚೂರು ಹಾಕುತ್ತ ನಾನು ಉಸಿರೂ ಬಿಗಿಹಿಡಿದು ಕೂತಿದ್ದೆ. ಕೊನೆಯ ಸುತ್ತು ಮುಗಿದು ತುಟಿಗಳು ನಿಂತ ಕೂಡಲೇ, ಬಹುಕಾಲದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಚಿಕ್ಕಮ್ಮ, ದೊಡ್ಡ ಯಂತ್ರದ ಕಾಂತಕ್ಕೆ ಈ ಚಿಕ್ಕದು ಕರೆಂಟು ಕೊಡತ್ತೆ, ಸರಿ. ಚಿಕ್ಕದರ ಕಾಂತಕ್ಕೆ ಕರೆಂಟು ಕೊಡೋದು ಅದೇ. ಕಾಂತ ಇಲ್ದೆ ಕರೆಂಟಿಲ್ಲ, ಕರೆಂಟಿಲ್ದೆ ಕಾಂತ ಇಲ್ಲ. ಹಾಗಾದ್ರೆ ಮೊದಲು ಹುಟ್ಟೋದು ಯಾವ್ದು?"

ಆಕೆ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸುರುಳಿಯ ಎರಡೂ ತುದಿಗಳು ಆಕೆಯ ಬೆರಳುಗಳ ನಡುವೆ ಇದ್ದವು. ತಂತಿಯ ಮೊದಲ ತುದಿಗೆ ಗುರುತಾಗಿ ಕಟ್ಟುವ ಕೆಂಪು ದಾರ ಹಲ್ಲಿನಲ್ಲಿತ್ತು. ದಾರವನ್ನು ಬಾಯಿಂದ ತೆಗೆದು ಮಾತನಾಡತೊಡಗಿದಳು.

"ಮೊದಲು ನೆನಪು, ಮೇಷ್ಟ್ರೇ. ಕಬ್ಬಿಣ ಒಂದ್ಸಲ ಕಾಂತ ಆಯ್ತು ಅಂದ್ರೆ, ಕರೆಂಟು ನಿಂತ ಮೇಲೂ ಪೂರ್ತಿ ಮರೆಯಲ್ಲ. ಒಂಚೂರು ಉಳಿಸ್ಕೊಂಡಿರತ್ತೆ. ಒಂದು ಸೂಜಿನೂ ಎತ್ತೋಕೆ ಆಗದಷ್ಟು. ನೀರು ಬಿಟ್ಟು ಚಕ್ರ ತಿರುಗಿಸಿದ್ರೆ ಆ ಒಂಚೂರೇ ಒಂದು ಎಳೆ ಕರೆಂಟು ಹುಟ್ಟಿಸತ್ತೆ. ಆ ಎಳೆ ಸುರುಳಿಗೆ ಬರತ್ತೆ, ಕಬ್ಬಿಣಕ್ಕೆ ಇನ್ನೊಂಚೂರು ನೆನಪಾಗತ್ತೆ. ಆವಾಗ ಎರಡೆಳೆ. ಆಮೇಲೆ ನಾಕು. ಹಾಗೇ ತನ್ನನ್ನ ತಾನೇ ಎಬ್ಬಿಸ್ಕೊಳತ್ತೆ. ಹೊರಗಿಂದ ಯಾರೂ ಬರಲ್ಲ."

ಕಾರ್ಖಾನೆಯ ಕೋಣೆಯ ಬಗೆಗೂ, ಮೊದಲ ಸಲ ಇದನ್ನು ಹೇಳಿಕೊಟ್ಟ ಒಬ್ಬ ಮುದಿ ಮೇಲ್ವಿಚಾರಕಿಯ ಬಗೆಗೂ ಆಕೆ ಬಹಳ ಹೊತ್ತು ಹೇಳಿದಳು. ಅಷ್ಟು ಮಾತನ್ನು ನಾನು ಆಕೆಯ ಬಾಯಿಂದ ಅದುವರೆಗೆ ಕೇಳಿರಲಿಲ್ಲ. ಹೇಳುತ್ತ ಹೇಳುತ್ತ, ಕೈಗಳತ್ತ ನೋಡದೆ, ದಾರ ಕಟ್ಟಿದಳು.

ಗುರುವಾರ ಬೆಳಗ್ಗೆ ಸುರುಳಿಯನ್ನು ಕೂರಿಸಿ, ಯಂತ್ರ ನೋಡಿಕೊಳ್ಳುತ್ತಿದ್ದ ಓಕ್‌ಶೋ ಕಾಲುವೆಯ ಬಾಗಿಲನ್ನೆತ್ತಿದ. ನೀರು ಬಿತ್ತು, ಚಕ್ರ ಮೊರೆಯಿತು, ದಂಡ ವೇಗ ಹಿಡಿಯಿತು. ಅಳತೆಯ ಮುಳ್ಳು ಮಾತ್ರ ಸೊನ್ನೆಯ ಮೇಲೆ ಸತ್ತಂತೆ ಮಲಗಿತ್ತು. ಗರಗಸ ಹಿಡಿದು ಬಂದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಇವನೇ!" ಎಂದು ದವ್ಲತ್‌ಮಂದ್ ಓಕ್‌ಶೋನ ಮೇಲೆ ಹರಿಹಾಯ್ದ. "ಬಿಚ್ಚುವಾಗ ಸುತ್ತಿಗೇಲಿ ಬಡಿದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಇದ್ದೊಂದು ಯಂತ್ರಾನೂ ಕೊಂದೆಯಲ್ಲೋ, ಕೈಲಾಗದವನೇ! ನಡೀರಿ, ಮರದ ಕಡೆ ನಡೀರಿ."

ಓಕ್‌ಶೋ ತುಟಿ ಕಚ್ಚಿಕೊಂಡು ನಿಂತಿದ್ದ, ಬಡಿದದ್ದು ನಿಜವಾಗಿತ್ತು.

"ನಿಲ್ಲಿ," ಎಂದಳು ನೆಕ್‌ಬಖ್ತ್. "ನೀರು ನಿಲ್ಸು, ಓಕ್‌ಶೋ. ನಂಗೊಂದು ಬ್ಯಾಟರಿ ಬೇಕು."

ಊರಿನಲ್ಲಿ ಜೀವವಿದ್ದ ಬ್ಯಾಟರಿ ಒಂದೇ, ಆಸ್ಪತ್ರೆಯ ಗಾಡಿಯದು. ಅದರ ಚಾಲಕ ಶೋದ್‌ಮಾನ್ ಜನರ ನಡುವೆಯೇ ಇದ್ದ. ಮಾತು ಮುಗಿಯುವ ಮುನ್ನವೇ ಎರಡು ಹೆಜ್ಜೆ ಹಿಂದೆ ಸರಿದ.

"ಆಗಲ್ಲ ಚಿಕ್ಕಮ್ಮ. ಈ ಚಳೀಲಿ ಅದು ಒಂದ್ಸಲ ಇಳೀತು ಅಂದ್ರೆ ಮತ್ತೆ ಏಳಲ್ಲ. ನಾಳೆ ಹೆರಿಗೆ ಕಷ್ಟ ಆದ್ರೆ ಬಸುರಿ ಹೆಂಗಸನ್ನ ನೀವು ಹೊತ್ಕೊಂಡು ಹೋಗ್ತೀರಾ?"

"ಹತ್ತು ಎಣಿಸೋಷ್ಟು ಹೊತ್ತು ಕೊಡು."

"ನಿಮ್ ಎಣಿಕೆನಾ? ಗಂಡ ಸತ್ತ ಸುದ್ದೀನೇ ಬಾಗಿಲಲ್ಲಿ ನಿಲ್ಸಿ ಕಾಯಿಸಿದೋರು ನೀವು!"

ನೆಕ್‌ಬಖ್ತ್‌ಳ ಮುಖದಲ್ಲಿ ಏನೂ ಕದಲಲಿಲ್ಲ.

"ಅದಕ್ಕೇ ಹೇಳ್ತಿದೀನಿ," ಎಂದಳು. "ಹತ್ತು ಅಂದ್ರೆ ಹತ್ತೇ. ನಂಬು."

ಶೋದ್‌ಮಾನ್ ತಲೆ ತಗ್ಗಿಸಿಕೊಂಡು ಹೋಗಿ, ಬ್ಯಾಟರಿಯನ್ನು ಕುರಿದೊಗಲಿನಲ್ಲಿ ಸುತ್ತಿ ಹಸುಳೆಯನ್ನು ತರುವಂತೆ ತಂದ.

ಕೂಸಿನ ಸುರುಳಿಗಳಿಗೆ ಬ್ಯಾಟರಿ ಸೇರಿಸಿ, ಜೇಬಿನಿಂದ ದಿಕ್ಸೂಚಿ ತೆಗೆದು ಆಕೆ ಮೊಣಕಾಲೂರಿದಳು. ಇಂಥ ಯಂತ್ರದಲ್ಲಿ ನಾಲ್ಕು ಧ್ರುವಗಳು ಒಂದು ಬಿಟ್ಟು ಒಂದು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದಿರಬೇಕು. ಕರೆಂಟು ಸುರುಳಿಯ ಯಾವ ತುದಿಯಿಂದ ಒಳಹೋಗುತ್ತದೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಮೊದಲನೆಯದರ ಮುಂದೆ ದಿಕ್ಸೂಚಿ ಹಿಡಿದಳು, ಮುಳ್ಳಿನ ಕಪ್ಪುತುದಿ ಕಬ್ಬಿಣದ ಕಡೆ ಹಾರಿತು. ಎರಡನೆಯದರ ಮುಂದೆ ಮುಳ್ಳು ಬೆನ್ನು ತಿರುಗಿಸಿತು. ಮೂರನೆಯದರ ಮುಂದೆ ಮತ್ತೆ ಕಪ್ಪುತುದಿ. ಆಕೆಯೇ ಸುತ್ತಿದ ನಾಲ್ಕನೆಯದರ ಮುಂದೆ ಮುಳ್ಳು ತಿರುಗಬೇಕಾಗಿತ್ತು. ತಿರುಗಲಿಲ್ಲ. ಮೂರನೆಯದಕ್ಕೆ ಹೇಗೋ ಹಾಗೆಯೇ ನಿಂತಿತು. ಮೂರು ಧ್ರುವಗಳು ಕೂಡಿ ಕಟ್ಟಬೇಕೆಂದದ್ದನ್ನು ನಾಲ್ಕನೆಯದು ಕೆಡವುತ್ತಿತ್ತು; ಕಬ್ಬಿಣದ ಆ ಇಷ್ಟೇ ಇಷ್ಟು ನೆನಪೂ ಅದರಲ್ಲಿ ಅಳಿಸಿಹೋಗಿತ್ತು.

"ಹತ್ತು ಆಗ್ಹೋಯ್ತು!" ಎಂದ ಶೋದ್‌ಮಾನ್ ಅಳುದನಿಯಲ್ಲಿ. ಆಕೆ ಬ್ಯಾಟರಿಯ ತಂತಿ ಕಳಚಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಸೇರಿದ್ದವರೆಲ್ಲರತ್ತ ತಿರುಗಿ ನಿಂತಳು.

"ಓಕ್‌ಶೋನ ಬಯ್ಬೇಡ, ದವ್ಲತ್‌ಮಂದ್. ಸುತ್ತಿಗೆ ಏನೂ ಮಾಡಿಲ್ಲ. ತಪ್ಪು ನಂದು. ತುದಿಗಳ ಗುರುತು ಅದಲುಬದಲು ಕಟ್ಟಿದೀನಿ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಕೆಂಪು ದಾರ ಹಲ್ಲಿನಿಂದ ಹೊರಬಂದ ಆ ಗಳಿಗೆ ನನ್ನ ಎದೆಗೆ ಬಂದು ಹೊಡೆಯಿತು. ಬಾಯಿ ತೆರೆಯಹೋದೆ. ಎಡಗೈಯ ಕಿರುಬೆರಳು ನನ್ನತ್ತ ಮೇಲೆದ್ದಿತು.

ಹೆಪ್ಪುಗಟ್ಟಿಸುವ ಆ ಕಬ್ಬಿಣದೊಳಗೆ ಕೈ ತೂರಿಸಿ, ಸೇರಿಕೆ ಬಿಚ್ಚಿ, ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಬಿಗಿಯಲು ಅರ್ಧಗಂಟೆ ಹಿಡಿಯಿತು. ಚರ್ಮ ಕಿತ್ತು ಬೆರಳುಗಳಲ್ಲಿ ರಕ್ತ ಒಸರಿತ್ತು. "ಇನ್ನೊಂದು ಹತ್ತು ಕೊಡು ಶೋದ್‌ಮಾನ್" ಎಂದಳು. ಈ ಸಲ ಅವನು ವಾದಿಸಲಿಲ್ಲ. ಆದರೆ ನಂಬಿಕೆಯನ್ನು ಪೂರ್ತಿ ಆಕೆಯ ತುಟಿಗಳಿಗೇ ಬಿಟ್ಟುಕೊಡಲೂ ಮನಸ್ಸಾಗದೆ ತಾನೇ ಗಟ್ಟಿಯಾಗಿ ಎಣಿಸತೊಡಗಿದ. ಆರರೊಳಗೆ ದಿಕ್ಸೂಚಿ ನಾಲ್ಕೂ ಧ್ರುವಗಳನ್ನು ಸುತ್ತಿ ಬಂತು. ಮುಳ್ಳು ಹೋಯಿತು, ತಿರುಗಿತು, ಹೋಯಿತು, ತಿರುಗಿತು. ಮಿಕ್ಕ ನಾಲ್ಕು ಎಣಿಕೆ ಆಕೆ ಬ್ಯಾಟರಿಯನ್ನು ಸುಮ್ಮನೆ ಹಾಗೆಯೇ ಬಿಟ್ಟು ಕೂತಳು. ಮರೆತ ಕಬ್ಬಿಣಕ್ಕೆ ನೆನಪು ಮರಳಲು ಅಷ್ಟು ಸಾಕಂತೆ. "ಎಂಟು, ಒಂಬತ್ತು, ಹತ್ತು! ತೆಗೀರಿ ಚಿಕ್ಕಮ್ಮ!"

ನೀರು ಬಿತ್ತು. ಚಕ್ರ ಮೊರೆಯಿತು. ಅಳತೆಯ ಮುಳ್ಳು ಬಹಳ ಹೊತ್ತು ಏನೂ ಆಗದಂತೆ ಇದ್ದು, ಆಮೇಲೆ ನಿದ್ದೆಯಲ್ಲಿ ರೆಪ್ಪೆ ಅದುರುವಷ್ಟು ಅದುರಿತು. ಒಂದು ಕೂದಲೆಳೆ ಮೇಲೆದ್ದಿತು. ಇನ್ನೊಂದು. ಆಮೇಲೆ ಯಾರೋ ಒಳಗಿನಿಂದ ತಳ್ಳಿದಂತೆ ಸರಸರನೆ ಏರಿ, ತನ್ನ ಸ್ಥಾನಕ್ಕೆ ಹೋಗಿ ಸಣ್ಣಗೆ ನಡುಗುತ್ತ ನಿಂತಿತು. ಹಲಗೆಯ ಮೇಲಿನ ದೀಪದ ಎಳೆ ಮೊದಲು ಕೆಂಡದ ಬಣ್ಣಕ್ಕೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿ, ಕಿಟಕಿಯಾಚೆಯ ಹಿಮದ ಬೆಳಕಿಗೆ ಸರಿಸಾಟಿಯಾಗಿ ಬೆಳ್ಳಗಾಯಿತು. ಯಾರೂ ಕೇಕೆ ಹಾಕಲಿಲ್ಲ. ಗರಗಸ ಹಿಡಿದಿದ್ದವನೊಬ್ಬ ತಲೆಯ ಟೊಪ್ಪಿಗೆ ತೆಗೆದ. ಅವನನ್ನು ನೋಡಿ ಇನ್ನೊಬ್ಬ ತೆಗೆದ. ಓಕ್‌ಶೋ ಗೋಡೆಯತ್ತ ತಿರುಗಿ ಅಳುತ್ತಿದ್ದ. ಒಂದು ಸೂಜಿಯನ್ನೂ ಎತ್ತಲಾರದ ಆ ಬಲಹೀನ ನೆನಪು ಇನ್ನೂರು ಮನೆಗಳ ಒಲೆ ಹೊತ್ತಿಸುವಷ್ಟು ಬೆಳೆದದ್ದು ನಮ್ಮ ಕಣ್ಣೆದುರಿಗೇ, ಒಂದು ದೀರ್ಘ ಉಸಿರಿನಷ್ಟು ಹೊತ್ತಿನಲ್ಲಿ. ಸೃಷ್ಟಿಯ ಮೊದಲ ದಿನ ನೋಡಿದವರು ಯಾರಾದರೂ ಇದ್ದಿದ್ದರೆ ಹೀಗೆಯೇ ಬಾಯಿಕಟ್ಟಿ ನಿಂತಿರುತ್ತಿದ್ದರೆಂದು ನನಗನ್ನಿಸಿತು.

"ನನ್ ಬ್ಯಾಟರಿ ಕೊಡಿ," ಎಂದ ಶೋದ್‌ಮಾನ್ ಮೆಲ್ಲಗೆ. ಗಾಡಿ ಮೊದಲ ಎಳೆತಕ್ಕೇ ಹೊತ್ತಿಕೊಂಡಿತೆಂದು ಆಮೇಲೆ ಬಂದು ತಾನಾಗಿಯೇ ಹೇಳಿ ಹೋದ.

ಇಳಿದು ಬರುವ ದಾರಿಯಲ್ಲಿ ನಾನು ಆಕೆಯ ಜೊತೆ ನಡೆದೆ. ಮಿಕ್ಕ ಮರಗಳು ಏರಿಯ ಮೇಲೆ ಸಾಲಾಗಿ ನಿಂತಿದ್ದವು.

"ತಪ್ಪು ನಿಮ್ದಲ್ಲ ಚಿಕ್ಕಮ್ಮ. ಆ ಹೊತ್ನಲ್ಲಿ ನಾನು ಮಾತಾಡಿಸಬಾರ್ದಿತ್ತು. ಊರಿನವರಿಗೆ ಹೇಳ್ತೀನಿ."

"ಯಾಕೆ? ನೀನು ಕೇಳಿದೆ, ಅಷ್ಟೆ. ದಾರ ಕಟ್ಟಿದ್ದು ನನ್ ಕೈ." ರಕ್ತ ಒಸರಿದ ಬೆರಳುಗಳನ್ನು ಕೋಟಿನ ತೋಳಿಗೆ ಒರೆಸಿಕೊಂಡಳು. "ನಲವತ್ತು ವರ್ಷದಿಂದ ಸುತ್ತುತಾ ಇದೀನಿ, ಮೇಷ್ಟ್ರೇ. ಎಷ್ಟು ದಿನಕ್ಕೆ ಆಗತ್ತೆ ಅಂತ ಎಲ್ಲಾರೂ ಕೇಳ್ತಾರೆ. ಹೇಗೆ ಆಗತ್ತೆ ಅಂತ ನೀನೊಬ್ನೇ ಕೇಳಿದ್ದು. ಖುಷಿ ಆಯ್ತು. ಖುಷೀಲಿ ಕೈ ತಪ್ತು."

ಆಕೆಯ ತುಟಿಗಳನ್ನು ನೋಡಿದೆ. ಆ ದಿನ ಅವು ಏನನ್ನೂ ಎಣಿಸುತ್ತಿರಲಿಲ್ಲ.

ಆಮೇಲೆ ಆಕೆ ಹದಿನಾಲ್ಕು ವರ್ಷ ಬದುಕಿದ್ದಳು. ಕಣ್ಣು ಮಂಜಾದ ಮೇಲೂ ಬೆರಳಿನಿಂದಲೇ ಸುತ್ತುತ್ತಿದ್ದಳು. ಓಕ್‌ಶೋ ಪಕ್ಕದಲ್ಲಿ ಕೂತು ಕಲಿತ, ಈಗ ಅವನೇ ನಮ್ಮ ಕಣಿವೆಯ ಮೋಟಾರುಗಳ ವೈದ್ಯ. ಆಕೆಯನ್ನು ಮಣ್ಣಿಗಿಟ್ಟ ದಿನ ಮೂರು ಊರುಗಳ ಜನ ಬಂದಿದ್ದರು, ಮತ್ತು ಕಲ್ಲುಗುಂಡಿಗೆ ಎಂಬ ಮಾತನ್ನು ಮೊದಲು ಆಡಿದವಳೇ ಎಲ್ಲರಿಗಿಂತ ಹೆಚ್ಚು ಅತ್ತಳು.

ಕಣ್ಣಿಗೆ ಕಾಣದ ಬಲಗಳೊಡನೆ ಜೀವಮಾನವಿಡೀ ಒಡನಾಡಿದವರಲ್ಲಿ ಒಂದು ವಿಶೇಷವಾದ ಸತ್ಯನಿಷ್ಠೆ ಬೆಳೆಯುತ್ತದೆಂದು ನಾನು ಈಗೀಗ ನಂಬಿದ್ದೇನೆ. ಅಧಿಕಾರವನ್ನು ಮಾತಿನಿಂದ ಒಲಿಸಬಹುದು, ನೆರೆಹೊರೆಯನ್ನು ಕಣ್ಣೀರಿನಿಂದ ಕರಗಿಸಬಹುದು, ತನ್ನ ಮನಸ್ಸನ್ನಂತೂ ಯಾವ ಸುಳ್ಳಿಗಾದರೂ ಒಪ್ಪಿಸಬಹುದು. ತಪ್ಪು ತುದಿಗೆ ಸೇರಿದ ತಂತಿಯ ಮುಂದೆ ಇವೊಂದೂ ನಡೆಯುವುದಿಲ್ಲ. ಅಲ್ಲಿ ತಪ್ಪು ಯಾರದೆಂಬ ಪ್ರಶ್ನೆಗಿಂತ ತಪ್ಪು ಎಲ್ಲಿದೆ ಎಂಬುದೇ ದೊಡ್ಡದು. ಹಾಗಾಗಿಯೇ ಇಂಥವರು, ನಾವು ಏಳು ತಲೆಮಾರು ಮುಚ್ಚಿಡಲು ಹೆಣಗುವಂಥದನ್ನು, ಊರೆಲ್ಲ ನಿಂತು ನೋಡುತ್ತಿರುವಾಗ ಎರಡೇ ಮಾತಿನಲ್ಲಿ ಹೇಳಿ ಮತ್ತೆ ಮೊಣಕಾಲೂರಿಬಿಡುತ್ತಾರೆ. ಅವರಿಗೆ ಮಾನಾಪಮಾನಗಳ ಅರಿವಿಲ್ಲವೆಂದಲ್ಲ. ನಾಚಿಕೊಳ್ಳಲು ಅವರಿಗೆ ಪುರಸೊತ್ತಿರುವುದಿಲ್ಲ, ಜನ ಚಳಿಯಲ್ಲಿ ಕಾಯುತ್ತಿರುತ್ತಾರೆ.